ಐದು ಗುಂಡು, ನಾಲ್ಕು ತೂತು

ಗುರಿ ಹೊಡೆಯುವ ಕ್ಲಬ್ಬಿನ ಬಯಲಿನಲ್ಲಿ ದುರ್ಬೀನಿಗೆ ಕಣ್ಣು ಹಚ್ಚಿ ಕುಳಿತ ನಿಜಗುಣನಿಗೆ ಬೆಳಗಿನಿಂದಲೂ ಯಾರನ್ನಾದರೂ ಬೈಯಬೇಕು ಅನಿಸುತ್ತಿತ್ತು, ಆದರೆ ಬೈಸಿಕೊಳ್ಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ನೂರು ಗಜ ಆಚೆಗಿನ ಗುರಿಯ ಬಿಳಿ ಕಾಗದ ಮಾತ್ರ ಮುಖಕ್ಕೆ ತಾಗುವಷ್ಟು ಹತ್ತಿರ ಬಂದು ನಿಂತಿತ್ತು. ಅದರ ಕೆಳಗಿನ ಮೂಲೆ ಗಾಳಿಗೆ ಎದ್ದು ಮತ್ತೆ ಹಲಗೆಗೆ ಅಂಟಿಕೊಳ್ಳುತ್ತಿತ್ತು. ಒಂದು ಪಿನ್ನು ಸರಿಯಾಗಿ ಚುಚ್ಚಿಲ್ಲ, ಚುಚ್ಚಿದವನು ತಾನೇ. ಎಡಕ್ಕೆ ಸಿಮೆಂಟಿನ ಬೆಂಚಿನ ಮೇಲೆ ರೇವಣಸಿದ್ದಪ್ಪ ಕಾಕಾ ರೈಫಲ್ಲಿಗೆ ಕೆನ್ನೆ ಒತ್ತಿಕೊಂಡು ಉಸಿರು ಬಿಡುತ್ತಿದ್ದರು. ಕಿವಿಗೆ ಹಾಕಿಕೊಂಡ ಯಂತ್ರ ಸದ್ದನ್ನು ತಡೆದು ಮಾತನ್ನು ಮಾತ್ರ ಒಳಗೆ ಬಿಡುವಂಥದ್ದು, ಹಾಗಾಗಿ ಮುದುಕರ ಉಸಿರಿನ ಗೊರಗೊರ ತನ್ನ ತಲೆಯೊಳಗೇ ನಡೆದಂತೆ ಕೇಳುತ್ತಿತ್ತು. ಹಿಂದೆ ಹಳದಿ ಗೆರೆಯಾಚೆ ಕಾಕಾರ ಮಗ ಸಾಕೇತ್ ಕಾಫಿ ಹಿಡಿದು ನಿಂತಿದ್ದ. ಅವನು ನಿಂತ ರೀತಿಗೇ ನಿಜಗುಣನ ಬೆನ್ನು ಉರಿಯುತ್ತಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಹೊರಗೆ ಬರುವುದನ್ನು ಕಾಯುವವರು ಹಾಗೆ ನಿಲ್ಲುತ್ತಾರೆ.

ಗುಂಡು ಹಾರಿತು. "ನಡು, ಒಂದ್ ಕೂದಲ ಬಲಕ," ಅಂದರು ಕಾಕಾ. ನಿಜಗುಣ ಮೊದಲು ಅದನ್ನು ಬರೆದ. ಆಮೇಲೆ ಕಣ್ಣು ಹಚ್ಚಿ ನೋಡಿದ. ಕಾಕಾರ ಪದ್ಧತಿ ಇದು. ರೈಫಲ್ಲಿನ ಕುದುರೆ ಎಳೆದ ಕ್ಷಣದಲ್ಲಿ ಗುರಿಯ ಗೆರೆ ಎಲ್ಲಿತ್ತು ಎಂಬುದನ್ನು ಹೊಡೆದವನು ತಾನೇ ಬಾಯಿಬಿಟ್ಟು ಹೇಳಬೇಕು, ದುರ್ಬೀನಿನವನು ಅದನ್ನು ಬರೆದ ಮೇಲೆಯೇ ನೋಡಬೇಕು, ನೋಡಿದ್ದನ್ನು ಪಕ್ಕದಲ್ಲಿ ಬರೆಯಬೇಕು. ಪುಟದಲ್ಲಿ ಎರಡೇ ಸಾಲು: ಹೇಳಿದ್ದು, ಬಿದ್ದದ್ದು. ಗುರಿ ತಪ್ಪಿಯೂ ಎರಡೂ ಕೂಡಿದರೆ ತಪ್ಪು ಕೈಯದು. ಕೂಡದಿದ್ದರೆ ತಪ್ಪು ತೋಟಾದ್ದು, ಅಂದರೆ ಒಳಗೆ ತುಂಬಿದ ಮದ್ದು ಆ ರೈಫಲ್ಲಿಗೆ ಒಗ್ಗಿಲ್ಲ. ಥಾರ್ನ್‌ಹಿಲ್ಲಿನ ಮನೆಯ ಬೇಸ್‌ಮೆಂಟಿನಲ್ಲಿ ಕಾಕಾ ಹಳೆಯ ಹಿತ್ತಾಳೆಯ ಕೊಳವೆಗಳನ್ನು ತೊಳೆದು, ಮದ್ದು ತೂಗಿ, ಗುಂಡು ಕೂರಿಸಿ ತಮ್ಮ ತೋಟಾಗಳನ್ನು ತಾವೇ ಮಾಡುತ್ತಿದ್ದರು. ಸಾಸಿವೆಯಷ್ಟು ಹೆಚ್ಚು, ಸಾಸಿವೆಯಷ್ಟು ಕಡಿಮೆ, ಹೀಗೆ ಬೇಸಿಗೆಯೆಲ್ಲ ಡಬ್ಬಿ ಡಬ್ಬಿ ತುಂಬಿ ತಂದು ಹೊಡೆದು, ಕಾಗದಗಳನ್ನು ಅಳೆದು, ಕೊನೆಗೆ ಒಂದು ತೂಕ ಆರಿಸಿದ್ದರು. ಇವತ್ತು ತಂದದ್ದು ಆ ತೂಕದ ಐದೇ ತೋಟಾ.

ಉಕ್ಕಿನ ಕಾರ್ಖಾನೆಯಲ್ಲಿ ಲೋಹ ಪರೀಕ್ಷೆ ಮಾಡಿ ನಿವೃತ್ತರಾದವರು ಅವರು, ಊರು ಬೈಲಹೊಂಗಲ. ನಿಜಗುಣ ಧಾರವಾಡದವನು, ಹತ್ತನೆಯ ಇಯತ್ತೆಯ ನಡುವೆ ಶಾಲೆ ಬಿಟ್ಟವನು, ಈಗ ಬೋಲ್ಟನ್ ಊರಿನ ಒಂದು ವೇರ್‌ಹೌಸಿನಲ್ಲಿ ಪೆಟ್ಟಿಗೆ ಏರಿಸಿ ಇಳಿಸುವವನು. ಕನ್ನಡ ಬಳಗದ ಊಟದಲ್ಲಿ ಎಲೆ ಎತ್ತುವಾಗ ಭೇಟಿಯಾದದ್ದು. ನಿನಗ ಕಣ್ಣು ಛಲೋ ಅದಾವೇನು ಅಂತ ಮುದುಕರು ಕೇಳಿದ್ದರು. ಓದಿದ್ದೆಷ್ಟು ಅಂತ ಕೇಳದೆ ಕಣ್ಣಿನ ಬಗ್ಗೆ ಕೇಳಿದವರು ಈ ಪರದೇಶದಲ್ಲಿ ಅವರೊಬ್ಬರೇ. ಅಂದಿನಿಂದ ಭಾನುವಾರ ಅಂದರೆ ಇದು: ಅವನು ಹೇಳಿದ್ದನ್ನು ಒಬ್ಬರು ಮರುಮಾತಿಲ್ಲದೆ ನಂಬುವ ಜಾಗ. ಎಡಕ್ಕೆ ಬಿತ್ತು ಅಂದರೆ ಎಡಕ್ಕೆ.

"ಎಲ್ಲೆ?" ಅಂದರು ಕಾಕಾ.

"ಹೇಳಿದಲ್ಲೇರಿ. ಒಂದ್ ಕೂದಲ ಬಲಕ."

ಇವತ್ತು ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ರೈಫಲ್ಲಿನ ಪೆಟ್ಟಿಗೆಯ ಜೊತೆ ಕುಳಿತು ಅವನು ಎಲ್ಲ ಕೇಳಿಸಿಕೊಂಡಿದ್ದ. ಕಾರು ನಡೆಸುತ್ತಿದ್ದ ಸಾಕೇತ್ ಇಂಗ್ಲಿಷಿನಲ್ಲಿ, ಕಾಕಾ ಕನ್ನಡದಲ್ಲಿ, ಇಬ್ಬರೂ ರಸ್ತೆ ನೋಡುತ್ತ ಮಾತಾಡಿದ್ದರು. ದೃಷ್ಟಿ ಕುಂದುತ್ತಿದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದನ್ನು ನೀವು ಅಮ್ಮನಿಂದ ಮುಚ್ಚಿಟ್ಟಿದ್ದೀರಿ ಅಂತ ಸಾಕೇತ್. ಡಾಕ್ಟರಗ ಪುಸ್ತಕಾ ಓದೋ ಕಣ್ಣ ಬ್ಯಾರೆ, ಗುರಿ ಹಿಡಿಯೋ ಕಣ್ಣ ಬ್ಯಾರೆ ಅನ್ನೂದು ಗೊತ್ತಿಲ್ಲಂತ ಕಾಕಾ. ಹಾಗಾದರೆ ಇವತ್ತೇ ನೋಡಿಬಿಡೋಣ ಅಂದಿದ್ದ ಸಾಕೇತ್. ಐದು ಗುಂಡು ಒಂದು ಇಂಚಿನೊಳಗೆ ಕೂತರೆ ಬರುವ ವರ್ಷದವರೆಗೆ ಬಾಯಿ ಎತ್ತುವುದಿಲ್ಲ. ಕೂರದಿದ್ದರೆ ರೈಫಲ್ಲು ಕ್ಲಬ್ಬಿಗೆ, ಬೇಸ್‌ಮೆಂಟಿನ ಸಾಮಾನು ಯಾರಿಗೆ ಬೇಕೋ ಅವರಿಗೆ. ಕಾಕಾ, ಆತು, ನಿಜಗುಣ ಅದಾನ, ಅಂವ ನೋಡಿ ಹೇಳತಾನ ಅಂದಿದ್ದರು. ಸಾಕೇತ್ ಕನ್ನಡಿಯಲ್ಲಿ ಹಿಂದಕ್ಕೆ ಒಮ್ಮೆ ನೋಡಿದ್ದ. ಸಾಮಾನಿನ ಜೊತೆಗೆ ಕೂತ ಇನ್ನೊಂದು ಸಾಮಾನನ್ನು ನೋಡುವ ಹಾಗೆ. ಹಾಗೆ ನೋಡಿದನೋ, ಸುಮ್ಮನೆ ಹಿಂದಿನ ಲಾರಿಯನ್ನು ನೋಡಿದನೋ, ಈಗಲೂ ನಿಜಗುಣನಿಗೆ ಖಾತ್ರಿಯಿಲ್ಲ. ಖಾತ್ರಿಯಿಲ್ಲದ ಅವಮಾನಗಳೇ ಜಾಸ್ತಿ ಕಡಿಯುತ್ತವೆ, ಎಲ್ಲಿ ಕೆರೆಯಬೇಕು ಅನ್ನುವುದು ಗೊತ್ತಾಗುವುದಿಲ್ಲ.

ಎರಡನೆಯದು ಮೊದಲನೆಯದರ ಪಕ್ಕದಲ್ಲಿ ಬಿತ್ತು. ಮೂರನೆಯದು ಎರಡಕ್ಕೂ ತಾಗುವಷ್ಟು ಹತ್ತಿರ ಬಿದ್ದು ಬಿಲ್ವದ ಎಲೆಯಂಥ ಆಕಾರ ಮಾಡಿತು. ಹೇಳಿದ್ದೂ ಬಿದ್ದದ್ದೂ ಒಂದೇ. ಪೆನ್ಸಿಲ್ಲು ಹಿಡಿದ ಬೆರಳು ಬೆವರುತ್ತಿತ್ತು. ನಿನ್ನೆ ಇದೇ ಬೆರಳಲ್ಲಿ ಸೂಪರ್‌ವೈಸರ್ ಯಶ್ ಕೊಟ್ಟ ಪೆನ್ನು ಹಿಡಿದು, ತಪ್ಪು ತನ್ನದೆಂಬ ಕಾಗದಕ್ಕೆ ಸಹಿ ಹಾಕಿದ್ದ. ಗಾಜಿನ ಬಾಟಲಿಗಳನ್ನು ಪೇರಿಸಿಟ್ಟ ಒಂದು ಪ್ಯಾಲೆಟ್ಟು ಬಿದ್ದಿತ್ತು, ಬೀಳಿಸಿದವನು ಬೇರೆಯವನು, ಎಲ್ಲರಿಗೂ ಗೊತ್ತು. ಬೆಂಗಳೂರಿನವನಾದ ಯಶ್ ಎಲ್ಲರೆದುರು ಅವನ ಇಂಗ್ಲಿಷನ್ನು ತಿದ್ದುವವನು, ನಿನ್ನೆ ಮಾತ್ರ ಮೂಲೆಗೆ ಕರೆದು ಕನ್ನಡದಲ್ಲಿ ಮೆತ್ತಗೆ, ಏನಾಗಲ್ಲ ಗುರು, ಫಾರ್ಮಾಲಿಟಿ, ಹಾಕ್ಬಿಡು ಅಂದಿದ್ದ. ಕನ್ನಡ ಕೇಳಿದ್ದಕ್ಕೇ ಕೈ ಮುಂದೆ ಹೋಗಿತ್ತು. ಆ ಸಿಟ್ಟು ಯಶ್‌ನ ಮೇಲಲ್ಲ. ತನ್ನ ಕೈಯ ಮೇಲೆ. ರಾತ್ರಿ ಅನ್ನ ಕಲಸುವಾಗಲೂ ಆ ಕೈಯನ್ನು ನೋಡಲಾಗದೆ ಟಿವಿ ನೋಡುತ್ತ ಉಂಡಿದ್ದ. ನಾಲ್ಕನೆಯ ಗುಂಡು ಹಾರಿತು. ಸ್ವಲ್ಪ ಕೆಳಗ, ಅಂದರು ಕಾಕಾ. ಸ್ವಲ್ಪ ಕೆಳಗೇ ಬಿದ್ದಿತ್ತು. ಆದರೂ ಇಂಚಿನೊಳಗೆ, ಆರಾಮಾಗಿ ಇಂಚಿನೊಳಗೆ. ಹಿಂದೆ ತಿರುಗಿ ಸಾಕೇತನ ಮುಖ ನೋಡಬೇಕು ಅನಿಸಿತು, ನೋಡಲಿಲ್ಲ.

ಕಾಕಾ ಎದ್ದರು. ಬೆನ್ನು ಹಿಡಿದಿತ್ತೇನೋ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಥರ್ಮಾಸಿನ ಮುಚ್ಚಳದಲ್ಲಿ ನೀರು ಕುಡಿದರು. ಸಾಕೇತ್ ಹತ್ತಿರ ಬಂದು ಏನೋ ಅಂದ. ಇಲ್ಲಿಗೇ ಸಾಕು, ನಾಲ್ಕನ್ನೇ ಲೆಕ್ಕಕ್ಕೆ ಹಿಡಿಯೋಣ ಅಂದನೋ, ಅವಸರ ಇಲ್ಲ ಅಂದನೋ, ಅಂತೂ ದನಿ ಮೆತ್ತಗಿತ್ತು. ಆ ಮೆತ್ತಗಿನ ದನಿಗೇ ಕಾಕಾರ ಕುತ್ತಿಗೆ ಬಿರುಸಾಯಿತು. ಮತ್ತೆ ಕೂತು, ರೈಫಲ್ಲಿನ ಕೆಳಗಿನ ಮರಳಿನ ಚೀಲವನ್ನು ಎರಡು ಕೈಯಿಂದ ಗುದ್ದಿ ಸರಿಸಿ, ಕೆನ್ನೆ ಒತ್ತಿದರು. ಬಹಳ ಹೊತ್ತು ಹಿಡಿದರು. ಹೊಡೆದರು.

"ನಡು," ಅಂದರು. ಈ ಸಲ ಕೂದಲೂ ಇಲ್ಲ, ಸ್ವಲ್ಪವೂ ಇಲ್ಲ. "ನಟ್ಟ ನಡು."

ನಿಜಗುಣ ಬರೆದ. ಕಣ್ಣು ಹಚ್ಚಿದ. ಕಾಗದದಲ್ಲಿ ನಾಲ್ಕು ತೂತುಗಳಿದ್ದವು. ಕಣ್ಣು ಮುಚ್ಚಿ ತೆರೆದ, ನಾಲ್ಕೇ. ಕಪ್ಪು ಚುಕ್ಕೆಯ ನಟ್ಟ ನಡು ತೂತಿಲ್ಲದೆ ಸುಟ್ಟ ಹಪ್ಪಳದಂತೆ ಇಡಿಯಾಗಿ ಕೂತಿತ್ತು. ಹಿಂದಿನ ಮಣ್ಣಿನ ದಿಬ್ಬದಲ್ಲಿ ಎಲ್ಲಿಯಾದರೂ ಧೂಳು ಎದ್ದಿದೆಯೇ ಎಂದು ಹುಡುಕಿದ, ನಿನ್ನೆಯ ಮಳೆಗೆ ಒದ್ದೆಯಾದ ದಿಬ್ಬ ಏನನ್ನೂ ಹೇಳಲಿಲ್ಲ. ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಬೇಕು. ಅಷ್ಟು ಸುಲಭ. ಹಾಗೆ ಬರೆದರೆ ಆಗುವುದೂ ಅಷ್ಟೇ ಸುಲಭ: ಸಾಕೇತ್ ತಲೆ ಅಲ್ಲಾಡಿಸಿ ಅಪ್ಪನ ಭುಜದ ಮೇಲೆ ಕೈ ಇಡುತ್ತಾನೆ, ಮುಂದಿನ ಭಾನುವಾರ ಬೇಸ್‌ಮೆಂಟಿನ ತಕ್ಕಡಿ ಪೆಟ್ಟಿಗೆ ಸೇರುತ್ತದೆ, ಮತ್ತು ಏಳು ದಿನದಲ್ಲಿ ಒಂದು ದಿನವೂ ನಿಜಗುಣ ಹೇಳಿದ್ದು ಯಾರಿಗೂ ಬೇಕಾಗುವುದಿಲ್ಲ. ಎಂಥ ದರಿದ್ರ ನನ್ನ ಮಗ ನಾನು, ಮುದುಕರ ಕಣ್ಣು ಹೋಗುತ್ತಿದೆ, ನನಗೆ ನನ್ನ ಭಾನುವಾರದ ಚಿಂತೆ ಅಂದುಕೊಂಡ. ಅಂದುಕೊಳ್ಳುತ್ತಲೇ ಕೈ ಬರೆದು ಮುಗಿಸಿತ್ತು. ಅದೇ ತೂತು.

"ಎಲ್ಲೆ ಬಿತ್ತು?"

"ಮೂರನೇದರ ತೂತಿನ್ಯಾಗನ ಹೋತ್ರಿ ಕಾಕಾ."

ಮುದುಕರು ನಕ್ಕರು. ಗಂಟಲಲ್ಲಿ ಎಲ್ಲೋ ಉಳಿದುಹೋಗಿದ್ದ ಬೈಲಹೊಂಗಲದ ಪೋರ ನಕ್ಕ ಹಾಗೆ. ಆ ನಗುವನ್ನು ಕೇಳಿ ನಿಜಗುಣ ಪೆನ್ಸಿಲ್ಲನ್ನು ಪುಸ್ತಕದೊಳಗಿಟ್ಟು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡ.

ಕಿತ್ತಳೆ ಬಣ್ಣದ ಅಂಗಿಯ ಹೆಂಗಸು, ಅವತ್ತು ಬಯಲಿನ ಉಸ್ತುವಾರಿಯಲ್ಲಿದ್ದ ರೇಂಜ್ ಆಫೀಸರ್, ಎಲ್ಲರ ರೈಫಲ್ಲಿನ ಬೋಲ್ಟು, ಅದಿಲ್ಲದೆ ಗುಂಡು ಹಾರದ ಆ ಉಕ್ಕಿನ ಕೀಲು, ತೆಗೆದಿರುವುದನ್ನು ನೋಡಿ ಗಂಟೆ ಬಾರಿಸಿದಳು. ಇನ್ನು ಕಾಗದ ಬದಲಿಸಲು ಮುಂದೆ ಹೋಗಬಹುದು. ಕಾಗದ ತರುವುದು ನಿಜಗುಣನ ಕೆಲಸ, ಹಾಗಾಗಿ ಅವನು ಎಲ್ಲರಿಗಿಂತ ಮುಂದೆ ನಡೆದ, ಓಡಲಿಲ್ಲ ಅಷ್ಟೇ. ಹುಲ್ಲು ಒದ್ದೆಯಾಗಿ ಬೂಟಿಗೆ ಅಂಟುತ್ತಿತ್ತು. ಹತ್ತಿರ ಹೋಗಿ ಮೂರನೆಯ ತೂತಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ಒಂದೇ ಗುಂಡು ದಾಟಿದ ದುಂಡು, ಸುತ್ತ ಮಸಿಯ ಒಂದೇ ಬಳೆ. ಇದರೊಳಗೆ ಇನ್ನೊಂದು ಹೋಗಿಲ್ಲ. ಆಮೇಲೆ ಯಾಕೋ ಬಲಕ್ಕೆ ನೋಡಿದ, ಪಕ್ಕದವರ ಚೌಕಟ್ಟಿನ ಕಡೆಗೆ. ಅಲ್ಲಿ ಕೆಳಗೆ ಮೂಲೆಯಲ್ಲಿ ಸಣ್ಣ ಸಣ್ಣ ತೂತುಗಳ ಗುಂಪೊಂದಿತ್ತು, ಪಕ್ಕದ ಬೆಂಚಿನವನ ರೈಫಲ್ಲು ಸಣ್ಣ ಗುಂಡಿನದು. ಅದರ ಮೇಲೆ, ಕಪ್ಪು ಚುಕ್ಕೆಯ ನಟ್ಟ ನಡುವೆ, ಒಂಟಿಯಾಗಿ ಒಂದು ದೊಡ್ಡ ತೂತು.

ಕಾಕಾ ಸರಿಯಾಗಿಯೇ ಹೇಳಿದ್ದರು. ನಟ್ಟ ನಡು. ಬೇಸಿಗೆಯಿಡೀ ಅಷ್ಟು ಚೆಂದದ ಗುಂಡು ಬಿದ್ದಿರಲಿಲ್ಲ. ಕೈ ಸರಿ ಇತ್ತು, ಮದ್ದು ಸರಿ ಇತ್ತು, ಕಾಗದ ಮಾತ್ರ ಇನ್ನೊಬ್ಬರದು. ನೀರು ಕುಡಿದು ಕೂತಾಗ ರೈಫಲ್ಲು ಒಂದಿಷ್ಟು ಬಲಕ್ಕೆ ತಿರುಗಿತ್ತು, ರೈಫಲ್ಲಿನ ಮೇಲಿನ ಗುರಿಯ ಕೊಳವೆಯಲ್ಲಿ ಬಿಳಿ ಕಾಗದವೊಂದು ಕಂಡಿತ್ತು, ಚೌಕಟ್ಟಿನ ಮೇಲಿನ ನಂಬರು ಮುದುಕರಿಗೆ ಕಂಡಿರಲಿಲ್ಲ, ಅಥವಾ ಅವರು ನೋಡಿರಲಿಲ್ಲ. ಎರಡರಲ್ಲಿ ಯಾವುದು? ನಿಜಗುಣ ಹಿಂದೆ ನೋಡಿದ. ಪಕ್ಕದ ಬೆಂಚಿನ ಹಸಿರು ಜಾಕೆಟ್ಟಿನವನು ಹತ್ತಿಪ್ಪತ್ತು ಹೆಜ್ಜೆ ಹಿಂದೆ ತಲೆ ತಗ್ಗಿಸಿ ಬೂಟಿನ ದಾರ ಕಟ್ಟುತ್ತಿದ್ದ. ಕಾಕಾ ಸಾಕೇತನಿಗೆ ಏನೋ ವಿವರಿಸುತ್ತ ನಿಧಾನ ಬರುತ್ತಿದ್ದರು, ಕೈಯನ್ನು ಕೈಯೊಳಗೆ ತೂರಿಸಿ ತೋರಿಸುತ್ತಿದ್ದರು, ತೂತಿನೊಳಗಿನ ತೂತು. ನಿಜಗುಣನ ಜೇಬಿನಲ್ಲಿ ಹಳೆಯ ತೂತು ಮುಚ್ಚುವ ಸ್ಟಿಕ್ಕರುಗಳಿದ್ದವು, ಬಿಳಿಯವು ಮತ್ತು ಕಪ್ಪು. ಕಪ್ಪು ಒಂದನ್ನು ಕಿತ್ತು ಪಕ್ಕದವನ ಕಾಗದದ ನಡುವೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದ. ಒತ್ತಿದಾಗ ಹಿಂದೆ ಏನೂ ಇಲ್ಲದ ಟೊಳ್ಳು ಬೆರಳಿಗೆ ತಾಗಿತು.

ಹಸಿರು ಜಾಕೆಟ್ಟಿನವನು ಕೂಗಲಿಲ್ಲ, ಹೇ ಅಂದ ಅಷ್ಟೇ. ಬೂಟು ಕಟ್ಟುತ್ತಲೇ ನೋಡಿದ್ದ. ಹತ್ತಿರ ಬಂದು, ನೀನು ನನ್ನ ಟಾರ್ಗೆಟ್ಟು ಯಾಕೆ ಮುಟ್ಟಿದೆ ಎಂದು ಕೇಳಿದ. ನಿಜಗುಣನ ಬಾಯಿಗೆ ಇಂಗ್ಲಿಷ್ ಬರಲಿಲ್ಲ. ಬರುತ್ತಿತ್ತು, ಎಲ್ಲ ಶಬ್ದಗಳೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು. ಕಿತ್ತಳೆ ಅಂಗಿಯ ಹೆಂಗಸು ಬಂದಳು. ಇನ್ನೊಬ್ಬರ ಕಾಗದದ ಮೇಲೆ ಕೈ ಇಡುವವರಿಗೆ ಈ ಕ್ಲಬ್ಬಿನಲ್ಲಿ ಜಾಗ ಇಲ್ಲ, ಯಾರ ಜೊತೆಗೆ ಬಂದವನು ಇವನು ಎಂದು ಕೇಳಿದಳು. ಅಷ್ಟರಲ್ಲಿ ಸಾಕೇತ್ ದಾಪುಗಾಲಲ್ಲಿ ಬಂದು ನಡುವೆ ನಿಂತ. ಸಾರಿ ಅಂದ, ಇವನು ಹೊಸಬ, ಇವನಿಗೆ ಅಷ್ಟು ತಿಳಿಯುವುದಿಲ್ಲ ಅಂದ. ಆ ಮಾತನ್ನು ಆಡುವಾಗ ನಿಜಗುಣನ ತೋಳನ್ನು ಹಿಡಿದಿದ್ದ, ದಯೆಯಿಂದಲೇ ಹಿಡಿದಿದ್ದ. ಕೊಸರಿಕೊಂಡು ಒಂದು ಬಿಟ್ಟರೆ ಹೇಗೆ ಎಂದು ನಿಜಗುಣನಿಗೆ ಅನಿಸಿ, ಕೈ ಮುಷ್ಟಿಯಾಗಿ, ಆ ಮುಷ್ಟಿಯೊಳಗೆ ಉಳಿದ ಸ್ಟಿಕ್ಕರುಗಳು ಬೆವರಿಗೆ ಅಂಟಿಕೊಂಡವು.

ಕಾಕಾ ಕೊನೆಗೆ ಬಂದರು. ಎರಡೂ ಕಾಗದಗಳನ್ನು ಒಂದಾದ ಮೇಲೊಂದು ನೋಡಿದರು, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಾಗಿ. ಆಮೇಲೆ ಹಸಿರು ಜಾಕೆಟ್ಟಿನವನ ಒಪ್ಪಿಗೆ ಕೇಳಿ, ಕಿರುಬೆರಳಿನ ಉಗುರಿನಿಂದ ಕಪ್ಪು ಸ್ಟಿಕ್ಕರನ್ನು ಎಬ್ಬಿಸಿದರು. ತೂತಿನೊಳಗೆ ಬೆರಳ ತುದಿ ಇಟ್ಟು ನೋಡಿದರು. ಆ ಹೆಂಗಸಿಗೆ ಇಂಗ್ಲಿಷಿನಲ್ಲಿ, ಇದು ನನ್ನ ಗುಂಡು, ನಾನು ಪಕ್ಕದ ಟಾರ್ಗೆಟ್ಟಿಗೆ ಹೊಡೆದಿದ್ದೇನೆ, ಹುಡುಗ ನನ್ನ ಜೊತೆಗೆ ಬಂದವನು, ಬರೆದುಕೊಳ್ಳುವುದಿದ್ದರೆ ನನ್ನ ಹೆಸರಿನ ಮೇಲೆ ಬರೆದುಕೊಳ್ಳಿ ಅಂದರು. ಹಸಿರು ಜಾಕೆಟ್ಟಿನವನ ಮುಖ ಸಡಿಲಾಯಿತು. ನನಗೂ ಆಗಿದೆ, ಎಲ್ಲರಿಗೂ ಒಮ್ಮೆ ಆಗುತ್ತದೆ, ನನ್ನ ಕಾಗದದ ಮೇಲೆ ಇವತ್ತು ಬಿದ್ದ ಒಳ್ಳೆಯ ಗುಂಡು ಇದೊಂದೇ ಅಂದ. ಕಾಕಾ ನಗಲಿಲ್ಲ.

"ತಮ್ಮಾ, ನಾ ಏನಂತ ಹೇಳಿದ್ದೆ?"

"ನಟ್ಟ ನಡು ಅಂದಿದ್ರಿ."

"ಸುಳ್ಳ ಹೇಳಿದ್ನೇನು?"

"ಇಲ್ರಿ."

"ಮತ್ತ ನೀ ಯಾಕ ನನ್ನ ಸಲುವಾಗಿ ಹೇಳಿದಿ?"

ನಿಜಗುಣ ತಲೆ ಎತ್ತಿದ. ಇಷ್ಟು ಹೊತ್ತು ಒಳಗೆ ಕುದ್ದದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅವರ ಮೇಲೆಯೇ ತಿರುಗಿತು. ನೀರು ಕುಡದು ಕುಂತಾಗ ರೈಫಲ್ಲ ಸರದೈತ್ರಿ, ಅದು ಕಣ್ಣಿಂದಲ್ಲರಿ, ಈ ಸಾಹೇಬಗ ಹೇಳಿದ್ರ ತಿಳಿಯೂದಿಲ್ಲ, ಅಂವಗ ಬೇಕಾಗಿದ್ದ ಒಂದ ನೆವ ಅಂದ. ಸಾಹೇಬ ಅಂದದ್ದು ಸಾಕೇತನಿಗೆ ತಿಳಿಯಿತು. ಅವನ ಕಿವಿ ಕೆಂಪಾದವು, ಹುಲ್ಲಿನ ಕಡೆ ತಲೆ ತಗ್ಗಿಸಿದ. ಆಗ ಮೊದಲ ಬಾರಿಗೆ ನಿಜಗುಣನಿಗೆ ಅವನು ನಲವತ್ತು ದಾಟಿದ ಒಬ್ಬ ಮಗ, ಬೆಳಿಗ್ಗೆಯಿಂದ ಏನನ್ನೋ ಹೆದರಿಕೊಂಡು ನಿಂತವನು ಎಂದು ಕಂಡಿತು. ಕಂಡದ್ದು ಇಷ್ಟವಾಗಲಿಲ್ಲ.

"ಇಂವ ನನಗ ಮುದುಕ ಆಗಿ ಅಂತ ಮಾರಿ ಮುಂದ ನಿಂತ ಹೇಳಿದ," ಅಂದರು ಕಾಕಾ. "ನೀ ಬೆನ್ನ ಹಿಂದ ಅಂಟಿಸಿದಿ. ನಿನ್ನ ಕಣ್ಣ ನಂಬಿ ನಾ ನಕ್ಕಿನಲ್ಲೋ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಹೊಡೆದಿದ್ದರೆ ಬಿಟ್ಟು ಹೋಗಬಹುದಿತ್ತು. ಶಾಲೆಯಲ್ಲಿ ಮಾಸ್ತರು ಎಲ್ಲರೆದುರು ಪೇಪರು ಮುಖಕ್ಕೆ ಎಸೆದಾಗ ಅವನು ಅದನ್ನು ಹರಿದು, ಚೀಲವನ್ನು ಬೆಂಚಿನ ಮೇಲೆಯೇ ಬಿಟ್ಟು ಹೊರಬಿದ್ದಿದ್ದ, ಅವತ್ತು ಕಾಲುಗಳಿಗೆ ದಾರಿ ಗೊತ್ತಿತ್ತು. ಇವತ್ತು ನಾಲ್ಕೂ ಕಡೆ ಒದ್ದೆ ಹುಲ್ಲು, ಬಂದದ್ದು ಇನ್ನೊಬ್ಬರ ಕಾರಿನಲ್ಲಿ, ಮತ್ತು ಹೋಗಬೇಕೆಂದು ಅನಿಸುತ್ತಲೂ ಇರಲಿಲ್ಲ. ನಾನು ನನಗಾಗಿ ಮಾಡಿದೆ ಕಾಕಾ, ನಿಮಗಾಗಿ ಅಲ್ಲ, ಎಂದು ಹೇಳಿದರೆ ಆದೀತೆ? ಅದು ನಿಜ. ಆದರೆ ಅದನ್ನೂ ಅವರ ಮೇಲೆ ಹೊರಿಸಿದಂತೆ ಆಗುತ್ತದೆ, ನನ್ನ ಭಾನುವಾರವನ್ನೂ ನೀವೇ ಹೊತ್ತುಕೊಳ್ಳಿ ಎಂದ ಹಾಗೆ. ಅಂಗೈಗೆ ಅಂಟಿದ ಸ್ಟಿಕ್ಕರುಗಳನ್ನು ಒಂದೊಂದಾಗಿ ಕೀಳತೊಡಗಿದ.

ಸಾಕೇತ್ ಗಂಟಲು ಸರಿಮಾಡಿಕೊಂಡ. ಡ್ಯಾಡ್, ಇಟ್ಸ್ ಓಕೆ ಅಂದ. ಆ ಇಂಚಿನ ಮಾತು ಬಿಟ್ಟುಬಿಡೋಣ, ನಾಲ್ಕು ಅಷ್ಟು ಚೆನ್ನಾಗಿ ಬಿದ್ದಿವೆ, ಐದನೆಯದೂ ಕೆಟ್ಟದ್ದೇನಲ್ಲ, ಇನ್ನೊಂದು ಭಾನುವಾರ ಹೊಡೆದು ನೋಡಬಹುದು ಅಂದ. ತೀರಾ ಹಗುರಾಗಿ ಅಂದ, ಮಕ್ಕಳ ಆಟದಲ್ಲಿ ಸೋತವರಿಗೆ ಇನ್ನೊಂದು ಸಲ ಕೊಡುವ ಹಾಗೆ. ಕಾಕಾ ಅವನ ಕಡೆ ನೋಡಿದರು. ಎಡಗಡೆ ಅಥವಾ ಬಲಗಡೆ ಯಾವನಾದರೂ ಕಾಗದ ಸರಿಪಡಿಸುತ್ತ ನಿಂತಿದ್ದರೆ ಆ ಗುಂಡು ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಿದರು. ಯಾರೂ ನಿಂತಿರುವುದಿಲ್ಲ, ಅದಕ್ಕೇ ಗಂಟೆ ಇರುವುದು ಎಂದ ಸಾಕೇತ್. ನಂಬರು ಓದಲಾರದವನು ಗಂಟೆಯನ್ನು ನಂಬಿ ಕೂರಬಾರದು ಅಂದರು ಕಾಕಾ, ಇಂಗ್ಲಿಷಿನಲ್ಲೇ ಅಂದರು, ಎಲ್ಲರಿಗೂ ಕೇಳುವ ಹಾಗೆ. ನಂಬರು ಕಾಣಲಿಲ್ಲವೋ, ನೋಡಲಿಲ್ಲವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ತಮ್ಮ ಜಾಕೆಟ್ಟಿನ ಕಿಸೆಯಿಂದ ರೈಫಲ್ಲಿನ ಬೋಲ್ಟನ್ನು ತೆಗೆದು, ಅದರ ಎಣ್ಣೆಯನ್ನು ಅಂಗೈಗೆ ಒರೆಸಿಕೊಂಡು ಮಗನ ಕೈಗೆ ಕೊಟ್ಟರು. ಸಾಕೇತ್ ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದು ನಿಂತ.

ಕಾಕಾ ಆ ಹೆಂಗಸಿನ ಸೊಂಟದಲ್ಲಿದ್ದ ಅಳತೆಯ ಟೇಪನ್ನು ಕೇಳಿ ಇಸಿದುಕೊಂಡರು. ಏನು ಅಳೆಯುತ್ತೀರಿ ಎಂದು ಅವಳು ಕೇಳಿದಳು. ಗುಂಪು, ತೂತುಗಳು ಎಷ್ಟು ಅಂತರದೊಳಗೆ ಕೂತಿವೆ ಅಂತ, ಅಂದರು ಕಾಕಾ. ನಿಜಗುಣನ ಕಂಕುಳಲ್ಲಿದ್ದ ಪುಸ್ತಕ ಮತ್ತು ಪೆನ್ಸಿಲ್ಲನ್ನು ತೆಗೆದು ಸಾಕೇತನಿಗೆ ಕೊಟ್ಟರು. ಬರೆಯುವವನಾಗಿದ್ದವನ ಕೈ ಬರಿದಾಯಿತು. ಅಷ್ಟೇ, ಮುಗಿಯಿತು, ಎಂದುಕೊಳ್ಳುವಷ್ಟರಲ್ಲಿ ಟೇಪಿನ ಡಬ್ಬಿ ಆ ಕೈಗೆ ಬಂತು. ತಗಡಿನ ತುದಿಯನ್ನು ಕಾಕಾ ತಾವೇ ಎಳೆದುಕೊಂಡು ಪಕ್ಕದ ಚೌಕಟ್ಟಿಗೆ ನಡೆದರು.

"ಗುಂಪಂದ್ರ ಐದೂ," ಅಂದರು ಅಲ್ಲಿಂದಲೇ. "ಎಲ್ಲಕ್ಕಿಂತ ದೂರ ಇರೋ ತೂತಿಗೆ ಹಿಡಿ. ನೋಡಿ ಹೇಳು."

ನಾಲ್ಕರಲ್ಲಿ ಎಡಕ್ಕಿದ್ದ ತೂತಿನ ಮೇಲೆ ನಿಜಗುಣ ಡಬ್ಬಿಯನ್ನು ಒತ್ತಿಹಿಡಿದ. ಎರಡು ಚೌಕಟ್ಟುಗಳ ನಡುವಿನ ಬಯಲಿನಲ್ಲಿ ಹಳದಿ ಪಟ್ಟಿ ಗಾಳಿಗೆ ಬಡಬಡ ಅಂದಿತು. ಹಸಿರು ಜಾಕೆಟ್ಟಿನವನು ಟೋಪಿ ತೆಗೆದು ತಲೆ ಕೆರೆದುಕೊಂಡ, ಯಾರೋ ಹಿಂದೆ ಕಿಸಕ್ಕನೆ ನಕ್ಕು ಸುಮ್ಮನಾದರು. ಇದರಲ್ಲಿ ನಗುವುದಕ್ಕೆ ಏನಿದೆ ಎಂದು ಕೇಳಬೇಕೆನಿಸಿತು, ಅಳುವುದಕ್ಕೇನಿದೆ ಎಂದೂ. ಆಚೆ ತುದಿಯಲ್ಲಿ ಮುದುಕರು ಉಗುರಿನಿಂದ ಸೊನ್ನೆಯನ್ನು ಕಪ್ಪು ಚುಕ್ಕೆಯ ನಡುವೆ ಹಿಡಿದು, ಕಣ್ಣು ಕಿರಿದು ಮಾಡಿ ಇವನ ಕಡೆ ನೋಡುತ್ತಿದ್ದರು. ಇವನ ಮುಖ ಅಲ್ಲಿಂದ ಅವರಿಗೆ ಕಾಣುತ್ತಿತ್ತೋ ಇಲ್ಲವೋ.

"ಎಪ್ಪತ್ಮೂರು ಇಂಚ್ರಿ," ಅಂದ ನಿಜಗುಣ.

ಸಾಕೇತ್ ಪೆನ್ಸಿಲ್ಲು ಎತ್ತಿ ಅಪ್ಪನ ಕಡೆ ನೋಡಿದ.

"ಪಟ್ಟಿ ಜೋತು ಬಿದ್ದೈತಿ," ಅಂದರು ಕಾಕಾ. "ಎಳದ ಹಿಡದು ಹೇಳು."

ನಿಜಗುಣ ಕಾಲು ಊರಿ ಎಳೆದ. ಆಚೆಯಿಂದ ಮುದುಕರೂ ಎಳೆದರು, ಅವನು ಎಣಿಸಿದ್ದಕ್ಕಿಂತ ಜೋರಿತ್ತು ಆ ಕೈ. ಪಟ್ಟಿಯ ಬಡಿತ ನಿಂತಿತು. ಅವನು ಬಾಗಿ, ಅಂಕಿಯ ಮೇಲೆ ಕಣ್ಣಿಟ್ಟು, ಬೆಂಚಿನ ಸಾಲಿನವರೆಗೂ ಕೇಳುವ ದನಿಯಲ್ಲಿ ಹೇಳಿದ.

"ಎಪ್ಪತ್ತೆರಡೂವರಿ."

"ಬರಕೋ ಸಾಕೇತ," ಅಂದರು ಕಾಕಾ, "ಅಂವ ನೋಡ್ಯಾನ."